ಒಡಂಬಡಿಕೆಗೆ ಸಹಿ ಬಿತ್ತು, ಅಂಕಪಟ್ಟಿಯಲ್ಲಿ ಜಾಗ ಸಿಗಲಿಲ್ಲ

ಧಾರವಾಡವನ್ನು ವಿದ್ಯಾಕಾಶಿ ಎನ್ನುವುದು ಹಳೆಯ ರೂಢಿ. ಈಗ ಲೆಕ್ಕಕ್ಕೆ ಕೂತರೆ ಒಂದು ಕೈಯ ಬೆರಳು ಸಾಲುವುದಿಲ್ಲ: 1949ರ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, ನವನಗರದ ಕಾನೂನು ವಿಶ್ವವಿದ್ಯಾಲಯ, ಹುಬ್ಬಳ್ಳಿ ವಿದ್ಯಾನಗರದ ತಾಂತ್ರಿಕ ವಿಶ್ವವಿದ್ಯಾಲಯ, ಸತ್ತೂರಿನ ಎಸ್‌ಡಿಎಂ ವಿಶ್ವವಿದ್ಯಾಲಯ, 2015ರ ಐಐಐಟಿ, 2016ರ ಐಐಟಿ. ಗದಗಿನ ಕಡೆ ತಿರುಗಿದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಗೆ ಹೋದರೆ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಇಷ್ಟೆಲ್ಲ ಇದ್ದರೂ ಒಂದರಲ್ಲಿ ಓದುವ ಹುಡುಗಿ ಇನ್ನೊಂದಕ್ಕೆ ಹೋಗಿ ಒಂದೇ ಒಂದು ವಿಷಯ ಕಲಿತು ಬಂದು, ಅದನ್ನು ತನ್ನ ಅಂಕಪಟ್ಟಿಯಲ್ಲಿ ಬರೆಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಆ ಕೆಲಸ ಹೆಗಲೇರುವವರೆಗೆ ನನಗೆ ಗೊತ್ತಿರಲಿಲ್ಲ.

ನಾನು ಈ ಅವಳಿ ನಗರದ ಒಂದು ವಿಶ್ವವಿದ್ಯಾಲಯದಲ್ಲಿ ಭೂಗೋಳ ಕಲಿಸುತ್ತೇನೆ. ಯಾವುದೆಂದು ಹೇಳುವುದಿಲ್ಲ, ನಮ್ಮ ಜೊತೆ ಕೈಜೋಡಿಸಿದ್ದು ಯಾವುದೆಂದೂ ಹೇಳುವುದಿಲ್ಲ. ಹೆಸರು ಬಂದರೆ ಮಾತು ಯಾರದು ದೊಡ್ಡದು, ಯಾರದು ಸಣ್ಣದು ಎಂಬಲ್ಲಿಗೆ ಹೋಗುತ್ತದೆ. ನನಗೆ ಹೇಳಬೇಕಾದದ್ದು ಕಡತಗಳ ವಿಷಯ.

ಶುರುವಾದದ್ದು ಬೆಣ್ಣೆಹಳ್ಳದಿಂದ. ನವಲಗುಂದದ ಕಡೆ ಆ ಹಳ್ಳ ಉಕ್ಕಿ ಹೊಲಗಳಿಗೆ ನುಗ್ಗುವುದು ನಮ್ಮ ಭಾಗದವರಿಗೆ ಹೊಸದಲ್ಲ. ಅದರ ಬಗ್ಗೆ ನಡೆದ ಒಂದು ಚರ್ಚೆಯಲ್ಲಿ ಆ ಇನ್ನೊಂದು ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರೊಬ್ಬರು ನನ್ನ ಪಕ್ಕ ಕೂತಿದ್ದರು. ಚಹಾ ವಿರಾಮದಲ್ಲಿ ಅವರು ತಮ್ಮ ಹುಡುಗರ ಬಗ್ಗೆ ಗೊಣಗಿದರು: ಕೊಳವೆಯ ವ್ಯಾಸ ಲೆಕ್ಕ ಹಾಕುತ್ತಾರೆ, ಆದರೆ ಆ ಕೊಳವೆಯ ಕೊನೆಯಲ್ಲಿ ಯಾರು ವಾಸಿಸುತ್ತಾರೆ ಎಂದು ಕೇಳುವುದಿಲ್ಲ. ನನ್ನ ವಿದ್ಯಾರ್ಥಿಗಳದ್ದು ತದ್ವಿರುದ್ಧ. ಓಣಿ ಓಣಿ ತಿರುಗಿ ಜನರನ್ನು ಮಾತಾಡಿಸುತ್ತಾರೆ, ಚಂದದ ನಕ್ಷೆ ಬರೆಯುತ್ತಾರೆ, ಕೊಳವೆಯೊಳಗಿನ ಒತ್ತಡ ಎಂದರೆ ಕಣ್ಣು ಬಿಡುತ್ತಾರೆ. ಇಬ್ಬರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಈ ಊರಿನ ನೀರಿನ ಬಗ್ಗೆ ನಾಲ್ಕು ಕ್ರೆಡಿಟ್‌ಗಳ (ಕ್ರೆಡಿಟ್ ಎಂದರೆ ಕಲಿತ ಗಂಟೆಗಳನ್ನು ಲೆಕ್ಕ ಹಾಕುವ ಅಳತೆ) ಒಂದು ಪತ್ರಿಕೆ, ಅಂದರೆ ಒಂದು ಪಠ್ಯವಿಷಯ, ನಡೆಸಿದರೆ ಹೇಗೆ ಎಂದು ಅಲ್ಲೇ ಮಾತಾಯಿತು.

ಆದರೆ ಮಾತು ಮೇಲಕ್ಕೆ ಹೋದ ಕೂಡಲೇ ಬೆಳೆಯಿತು. ಒಂದು ಪತ್ರಿಕೆ ಯಾಕೆ, ಜಂಟಿ ಪದವಿಯನ್ನೇ ಕೊಡೋಣ ಎಂದರು. ಜಂಟಿ ಪದವಿ ಎಂದರೆ ಪತ್ರಿಕಾ ಪ್ರಕಟಣೆಗೆ ಒಳ್ಳೆಯ ತಲೆಬರಹವಾಗುತ್ತದೆ, ಅದನ್ನು ಒಪ್ಪುತ್ತೇನೆ. ನಿಯಮ ಓದುವ ಕೆಲಸ ನನ್ನ ಪಾಲಿಗೆ ಬಂತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಜಂಟಿ ಪದವಿಯ ವಿವರಣೆ ಸ್ಪಷ್ಟವಾಗಿದೆ. ಟ್ವಿನಿಂಗ್ ಎಂದರೆ ಪದವಿ ಭಾರತದ ಸಂಸ್ಥೆಯದೇ, ಹೊರಗೆ ಗಳಿಸುವ ಕ್ರೆಡಿಟ್ ಶೇಕಡಾ 30ನ್ನು ಮೀರುವಂತಿಲ್ಲ. ಜಂಟಿ ಪದವಿ ಎಂದರೆ ಎರಡೂ ಕಡೆ ಕನಿಷ್ಠ ಶೇಕಡಾ 30ರಷ್ಟು ಕ್ರೆಡಿಟ್ ಗಳಿಸಿ, ಒಂದೇ ಪ್ರಮಾಣಪತ್ರದಲ್ಲಿ ಎರಡೂ ಸಂಸ್ಥೆಗಳ ಹೆಸರು. ಡ್ಯುಯಲ್ ಪದವಿ ಎಂದರೆ ಎರಡು ಸಂಸ್ಥೆಗಳಿಂದ ಬೇರೆ ಬೇರೆ ಪ್ರಮಾಣಪತ್ರ. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಬಂದಿರಬೇಕು, ಇಲ್ಲವೇ ದೇಶದ ರ್‍ಯಾಂಕಿಂಗ್ ಪಟ್ಟಿಯಾದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವಿಭಾಗದ ಮೊದಲ ನೂರರಲ್ಲಿ ಇರಬೇಕು ಎಂಬಂಥ ಅರ್ಹತೆಗಳೂ ಇವೆ. ಎಲ್ಲವೂ ಸರಿ, ಆದರೆ ಅದು ಭಾರತದ ಸಂಸ್ಥೆಗೂ ವಿದೇಶದ ಸಂಸ್ಥೆಗೂ ನಡುವಿನ ಸಹಯೋಗಕ್ಕೆ ಮಾಡಿದ ನಿಯಮ. ಒಂದೇ ಊರಿನ ಎರಡು ವಿಶ್ವವಿದ್ಯಾಲಯಗಳು ಸೇರಿದರೆ ಅದು ಅನ್ವಯಿಸುವುದಿಲ್ಲ. ಸಾಗರದಾಚೆಯವರೊಡನೆ ಸಂಬಂಧ ಬೆಳೆಸಲು ಪುಟಗಟ್ಟಲೆ ದಾರಿ ಬರೆದಿಟ್ಟಿದ್ದಾರೆ, ಪಕ್ಕದ ಮನೆಯವರೊಡನೆ ಹೇಗೆಂದು ನಾವೇ ಹುಡುಕಬೇಕು. ಅದರ ಮೇಲೆ 1956ರ ಯುಜಿಸಿ ಕಾಯ್ದೆಯ 22ನೇ ಕಲಮು: ಪದವಿ ಕೊಡುವ ಹಕ್ಕು ಯಾರಿಗಿದೆ, ಯಾವ ಹೆಸರಿನ ಪದವಿ ಕೊಡಬಹುದು ಎಂಬುದೆಲ್ಲ ಅಲ್ಲಿ ಬಿಗಿಯಾಗಿ ಕಟ್ಟಲ್ಪಟ್ಟಿದೆ.

ನಾನು ಟಿಪ್ಪಣಿ ಬರೆದೆ: ಪದವಿಯ ಮಾತು ಬಿಡೋಣ, ಒಂದು ಪತ್ರಿಕೆಯನ್ನು ಹಂಚಿಕೊಳ್ಳೋಣ. ಅದಕ್ಕೆ 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳನ್ನು ಖಾತೆಯಲ್ಲಿ ಕೂಡಿಡುವ ವ್ಯವಸ್ಥೆಯ, ನಿಯಮಾವಳಿ ಸಾಕು. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು, ಉಳಿದದ್ದನ್ನು ನಿಯಮಕ್ಕೆ ಒಳಪಟ್ಟ ಬೇರೆ ಸಂಸ್ಥೆಗಳಿಂದ ತರಬಹುದು ಎಂದು ಅದು ಹೇಳುತ್ತದೆ. ನಾಲ್ಕು ಕ್ರೆಡಿಟ್ ಈ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಟಿಪ್ಪಣಿಗೆ ಒಪ್ಪಿಗೆ ಸಿಕ್ಕಿತು, ಮುಖಗಳು ಮಾತ್ರ ಸ್ವಲ್ಪ ಸಪ್ಪಗಾದವು.

ಒಡಂಬಡಿಕೆ ಬಹಳ ಬೇಗ ಆಯಿತು. ಶಾಲು, ಹಾರ, ಫಲಪುಷ್ಪ, ಇಬ್ಬರು ಕುಲಪತಿಗಳು, ಇಬ್ಬರು ಕುಲಸಚಿವರು, ಫೋಟೊ. ಪರಸ್ಪರ ಸಹಕಾರ, ಜ್ಞಾನ ವಿನಿಮಯ, ಸಂಪನ್ಮೂಲ ಹಂಚಿಕೆ ಎಂಬ ಮಾತುಗಳು ಪುಟದಿಂದ ಪುಟಕ್ಕೆ ಓಡುತ್ತಿದ್ದವು. ಪ್ರಶ್ನೆಪತ್ರಿಕೆ ಯಾರು ತೆಗೆಯಬೇಕು, ಅನುತ್ತೀರ್ಣರಾದವರಿಗೆ ಮರುಪರೀಕ್ಷೆ ಎಲ್ಲಿ, ಶುಲ್ಕ ಯಾರ ಖಾತೆಗೆ, ಹಾಜರಾತಿ ಕಡಿಮೆಯಾದರೆ ಯಾರು ತಡೆಯಬೇಕು ಎಂಬ ಒಂದು ಸಾಲೂ ಇರಲಿಲ್ಲ. ಇವನ್ನೆಲ್ಲ ಅನುಬಂಧದಲ್ಲಿ ಸೇರಿಸಬೇಕೆಂದು ನಾನೂ ಆ ಪ್ರಾಧ್ಯಾಪಕರೂ ಮೊದಲೇ ಕೇಳಿಕೊಂಡಿದ್ದೆವು. ಅನುಬಂಧ ಆಮೇಲೆ ಬರಲಿ ಎಂದರು. ಬಂತು, ಆದರೆ ಅದನ್ನು ಬರೆದವರು ನಾವಿಬ್ಬರೇ, ಅದೂ ಒಂದೊಂದು ಸಮಸ್ಯೆ ಎದುರಾದ ಮೇಲೆ ಒಂದೊಂದು ಸಾಲು.

ಸಮಿತಿಗಳ ದಾರಿಯನ್ನು ಬೇಗ ಮುಗಿಸುತ್ತೇನೆ. ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್. ಇದೇ ಸಾಲು ಅತ್ತ ಕಡೆಯೂ ಬೇರೆ ಹೆಸರುಗಳಲ್ಲಿ ಇದೆ. ಒಂದು ಕಡೆ ಪಠ್ಯಕ್ರಮದಲ್ಲಿ ಒಂದು ಘಟಕ ತಿದ್ದಿದರೆ ಇನ್ನೊಂದು ಕಡೆ ಒಪ್ಪಿಗೆಯಾದದ್ದು ಹಳೆಯದಾಗುತ್ತದೆ, ಮತ್ತೆ ಹೊಸದಾಗಿ ಮಂಡಿಸಬೇಕು. ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಎರಡೂ ಅಧ್ಯಯನ ಮಂಡಳಿಗಳಿಗೆ ಒಬ್ಬರೇ ಹೊರಗಿನ ಸದಸ್ಯರನ್ನು ವಿಶೇಷ ಆಹ್ವಾನಿತರಾಗಿ ಕರೆಸುವುದು. ಇಲ್ಲಿ ಅವರು ಒಪ್ಪಿದ್ದನ್ನು ಅಲ್ಲಿ ಅವರೇ ಸಮರ್ಥಿಸುತ್ತಿದ್ದರು. ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಇದೇ.

ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ತರಗತಿಗಳು ಶುರುವಾಗಿ, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದು ಎಲ್ಲರಿಗೂ ಗೊತ್ತು. ಪದವಿ ಮಟ್ಟದಲ್ಲಿ ಈ ಪತ್ರಿಕೆ ಇಟ್ಟಿದ್ದರೆ ನೀತಿ ಬದಲಾದಾಗ ಅದೂ ಹೋಗುತ್ತಿತ್ತು. ಸ್ನಾತಕೋತ್ತರ ಮಟ್ಟದಲ್ಲಿ ಇಟ್ಟದ್ದರಿಂದ ಉಳಿಯಿತು. ಅದು ನಮ್ಮ ಜಾಣತನವಲ್ಲ, ಪದವಿ ತರಗತಿಗಳ ವೇಳಾಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ವೇಳಾಪಟ್ಟಿಯೇ ಇನ್ನೊಂದು ಅಧ್ಯಾಯ. ಅವರ ಸೆಮಿಸ್ಟರ್ ಆಗಸ್ಟ್‌ನಲ್ಲಿ ತೊಡಗುತ್ತದೆ. ನಮ್ಮಲ್ಲಿ ಪ್ರವೇಶ, ಕೌನ್ಸೆಲಿಂಗ್, ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ದಸರಾ ಬಂದಿರುತ್ತದೆ. ಹೊಸಬರನ್ನು ಬಿಟ್ಟು, ಆಗಲೇ ಒಂದು ವರ್ಷ ಮುಗಿಸಿ ಮೂರನೆಯ ಸೆಮಿಸ್ಟರ್‌ನಲ್ಲಿರುವವರಿಗೆ ಮಾತ್ರ ಈ ಪತ್ರಿಕೆ ಎಂದು ಗೊತ್ತುಮಾಡಿದ ಮೇಲೆ ದಿನಾಂಕಗಳು ಒಂದಿಷ್ಟು ಹತ್ತಿರ ಬಂದವು. ಪಾಠದ ಒಂದು ಕ್ರೆಡಿಟ್‌ಗೆ 15 ಗಂಟೆ, ಪ್ರಾಯೋಗಿಕದ ಒಂದು ಕ್ರೆಡಿಟ್‌ಗೆ 30 ಗಂಟೆ. ಮೂರು ಕ್ರೆಡಿಟ್ ಪಾಠ, ಒಂದು ಕ್ರೆಡಿಟ್ ಕ್ಷೇತ್ರಕಾರ್ಯ ಎಂದರೆ 45 ಮತ್ತು 30, ಒಟ್ಟು 75 ಗಂಟೆ. ಶನಿವಾರಕ್ಕೆ ಮೂರು ಗಂಟೆಯಂತೆ 15 ಶನಿವಾರ, ಆರು ಗಂಟೆಯ ಐದು ಕ್ಷೇತ್ರಕಾರ್ಯದ ದಿನಗಳು. ಕಾಗದದ ಮೇಲೆ ಲೆಕ್ಕ ಸರಿಯಾಗಿ ಕೂತಿತು. ಆದರೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಕಚೇರಿಗಳಿಗೆ ರಜೆ, ಕೊಠಡಿಯ ಬೀಗ ತೆಗೆಯುವವರಿಲ್ಲ. ಕ್ಷೇತ್ರಕಾರ್ಯದ ದಿನಗಳನ್ನು ಅಂಥ ಶನಿವಾರಗಳಿಗೆ ಇಟ್ಟುಕೊಂಡೆವು. ಹಳ್ಳಕ್ಕೂ ಕೆರೆಗೂ ಬೀಗವಿಲ್ಲ.

ನೋಂದಣಿಯಲ್ಲಿ ತೊಡಕು ಬಂದದ್ದು ಹೆಸರುಗಳಿಂದ. ಕ್ರೆಡಿಟ್ ಬ್ಯಾಂಕಿನ ಹನ್ನೆರಡು ಅಂಕಿಯ ಸಂಖ್ಯೆ ಡಿಜಿಲಾಕರ್ ಮೂಲಕ ಸಿಗುತ್ತದೆ, ಅದು ಆಧಾರ್‌ನ ಹೆಸರನ್ನು ಹಿಡಿಯುತ್ತದೆ. ನಮ್ಮ ಕಡೆಯ ಮಕ್ಕಳ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮ ಇರುತ್ತದೆ. ಆಧಾರ್‌ನಲ್ಲಿ ಮನೆತನದ ಹೆಸರು ಬಿಟ್ಟುಹೋಗಿರುತ್ತದೆ, ಇಲ್ಲವೇ ತಂದೆಯ ಹೆಸರು ಒಂದು ಇಂಗ್ಲಿಷ್ ಅಕ್ಷರವಾಗಿರುತ್ತದೆ. ನವಲಗುಂದದ ಕಡೆಯ ಒಬ್ಬ ವಿದ್ಯಾರ್ಥಿನಿಯ ಹೆಸರಿನ ಕೊನೆಯ ‘ವ್ವ’ ಒಂದು ದಾಖಲೆಯಲ್ಲಿತ್ತು, ಇನ್ನೊಂದರಲ್ಲಿರಲಿಲ್ಲ. ಅವಳು ಆಧಾರ್ ತಿದ್ದಿಸಲು ತಾಲ್ಲೂಕು ಕೇಂದ್ರಕ್ಕೆ ಓಡಾಡಿ ಬರುವಷ್ಟರಲ್ಲಿ ತರಗತಿಗಳು ಸಾಕಷ್ಟು ಮುಂದೆ ಹೋಗಿದ್ದವು. ಸಂಖ್ಯೆ ಇಲ್ಲದೆ ಕೂರಬೇಡ ಎಂದು ನಾವು ಹೇಳಲಿಲ್ಲ. ಹಾಜರಾತಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆವು.

ಬಸ್ಸಿನ ವಿಷಯ ಯಾರ ಟಿಪ್ಪಣಿಯಲ್ಲೂ ಇರಲಿಲ್ಲ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು ಇದೆ, ಹೋಗಿ ಬರುವುದು ಸುಲಭ ಎಂದು ಎಲ್ಲರೂ ಅಂದುಕೊಂಡಿದ್ದೆವು. ವಿದ್ಯಾರ್ಥಿಯ ಪಾಸು ಮನೆಯಿಂದ ಕಾಲೇಜಿಗೆ ಇರುತ್ತದೆ, ಕಾಲೇಜಿನಿಂದ ಮತ್ತೊಂದು ಕಾಲೇಜಿಗೆ ಇರುವುದಿಲ್ಲ. ಹುಡುಗಿಯರು ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಹತ್ತಿ ಬರುತ್ತಿದ್ದರು, ಹುಡುಗರು ಕೈಯಿಂದ ಕೊಡಬೇಕಾಯಿತು. ವಾರಕ್ಕೊಮ್ಮೆ ತಾನೇ ಎನ್ನಬಹುದು. ಊಟಕ್ಕೆ ಲೆಕ್ಕ ಹಾಕಿ ಖರ್ಚು ಮಾಡುವ ಹಾಸ್ಟೆಲ್ ಹುಡುಗನಿಗೆ ಅದು ಸಣ್ಣ ಮಾತಲ್ಲ. ಕೊನೆಗೆ ಒಂದು ಶನಿವಾರ ನಾವು ಅಲ್ಲಿಗೆ, ಮುಂದಿನ ಶನಿವಾರ ಅವರು ಇಲ್ಲಿಗೆ ಎಂದು ಮಾಡಿಕೊಂಡೆವು. ಸಹಯೋಗದ ಖರ್ಚು ಇಬ್ಬರ ಮೇಲೂ ಸಮನಾಗಿ ಬೀಳಲಿ ಎಂಬ ಮಾತು ಒಡಂಬಡಿಕೆಯಲ್ಲೇ ಇತ್ತು. ಅದು ಅಕ್ಷರಶಃ ಪಾಲನೆಯಾದದ್ದು ಬಸ್ಸಿನ ಟಿಕೆಟ್ಟಿನಲ್ಲಿ ಮಾತ್ರ.

ಇನ್ನು ತರಗತಿ. ಇಷ್ಟೆಲ್ಲ ತಾಪತ್ರಯ ಯಾಕೆ ಬೇಕಿತ್ತು ಎಂದು ಕೇಳುವವರಿಗೆ ನಾನು ಕ್ಷೇತ್ರಕಾರ್ಯದ ಮೊದಲ ದಿನವನ್ನೇ ಹೇಳುತ್ತೇನೆ. ಧಾರವಾಡ ಕೂತಿರುವುದು ಒಂದು ದಿಬ್ಬದ ಮೇಲೆ. ಈ ಊರಿನ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಶಾಲ್ಮಲೆ ಸೇರಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಪೂರ್ವಕ್ಕೆ ಇಳಿದು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆಯ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ನನ್ನ ವಿದ್ಯಾರ್ಥಿಗಳು ಆ ನೀರ್ವಿಭಜಕ ರೇಖೆಯನ್ನು ನಕ್ಷೆಯ ಮೇಲೆ ಎಳೆದುಕೊಂಡು ಬಂದಿದ್ದರು, ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು. ಅದನ್ನು ನೋಡಿದ ಒಬ್ಬ ಎಂಜಿನಿಯರಿಂಗ್ ಹುಡುಗ ಕೇಳಿದ:

“ಮೇಡಂ, ನಮ್ಮ ನಲ್ಲಿಗೆ ಬರುವುದು ಮಲಪ್ರಭೆಯ ನೀರಲ್ಲವೇ? ಬಳಸಿದ ಮೇಲೆ ಈ ರೇಖೆಯ ಪಶ್ಚಿಮದ ಓಣಿಗಳ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ?”

ಎಲ್ಲರೂ ಸುಮ್ಮನಾದರು. ನವಿಲುತೀರ್ಥದ ಜಲಾಶಯದಿಂದ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧೀಕರಿಸಿ ತರುವ ಕೃಷ್ಣಾ ಕೊಳ್ಳದ ನೀರಿನಲ್ಲಿ ಒಂದಷ್ಟು ನಮ್ಮ ಅಡುಗೆಮನೆಗಳನ್ನು ದಾಟಿ ಶಾಲ್ಮಲೆಯ ಕಡೆ ಇಳಿಯುತ್ತದೆ. ಮಳೆ ಪಾಲಿಸುವ ಗಡಿಯನ್ನು ಪಂಪು ಪಾಲಿಸುವುದಿಲ್ಲ. ನಾನು ಈ ರೇಖೆಯನ್ನು ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಎಳೆಯುತ್ತ ಬಂದವಳು, ಈ ಪ್ರಶ್ನೆಯನ್ನು ನನ್ನ ವಿಭಾಗದ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅದು ಬರಲು ಕೊಳವೆಯ ಬಗ್ಗೆ ಯೋಚಿಸುವ ತಲೆ ಬೇಕಿತ್ತು. ಆ ರೇಖೆ ಕಣ್ಣಿಗೆ ಬಿದ್ದದ್ದರಿಂದ ಅವನಿಗೂ ಕೇಳಬೇಕೆನಿಸಿತು.

ಮುಂದಿನ ಕ್ಷೇತ್ರಕಾರ್ಯ ಮನೆಗಳಲ್ಲಿ. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಿಂದ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ ನಡೆದದ್ದು ಇಲ್ಲಿಯವರಿಗೆ ನೆನಪಿರುತ್ತದೆ. ಉಳಿದ ಕಡೆ ಹಲವು ದಿನಕ್ಕೊಮ್ಮೆ ನೀರು ಬರುವ ಓಣಿಗಳಿದ್ದವು. ಎರಡೂ ಬಗೆಯ ಓಣಿಗಳಿಗೆ ಮಿಶ್ರ ತಂಡಗಳನ್ನು ಕಳುಹಿಸಿದೆವು. ಅವರ ಹುಡುಗರು ನಲ್ಲಿಗೆ ಒತ್ತಡಮಾಪಕ ಜೋಡಿಸಿ ಅಂಕಿ ಬರೆದುಕೊಂಡರು. ನಮ್ಮ ಹುಡುಗಿಯರು ಹಿತ್ತಲಿಗೆ ಹೋಗಿ ಎಷ್ಟು ಕೊಡ, ಎಷ್ಟು ಡ್ರಮ್ಮು, ನೀರು ಬರುವ ದಿನ ಕೂಲಿ ತಪ್ಪಿಸುವವರು ಯಾರು ಎಂದು ಕೇಳಿಕೊಂಡು ಬಂದರು. ಬಿಟ್ಟು ಬಿಟ್ಟು ನೀರು ಹರಿಸಿದರೆ ಕೊಳವೆ ಖಾಲಿಯಿರುವಾಗ ಬಿರುಕುಗಳಿಂದ ಹೊಲಸು ಒಳಗೆ ಸೇರುತ್ತದೆ ಎಂಬುದು ಅವರ ಪಠ್ಯದಲ್ಲಿತ್ತು. ನೀರು ಬಂದ ಮೊದಲ ಗಳಿಗೆಯ ಕೊಡವನ್ನು ಯಾರೂ ಕುಡಿಯಲು ಇಡುವುದಿಲ್ಲ, ಅಂಗಳಕ್ಕೆ ಚೆಲ್ಲುತ್ತೇವೆ ಎಂದು ಓಣಿಯ ಹೆಂಗಸರು ಹೇಳಿದ್ದು ನಮ್ಮವರ ಟಿಪ್ಪಣಿಯಲ್ಲಿತ್ತು. ಎರಡನ್ನೂ ಒಂದೇ ಪುಟದಲ್ಲಿ ಬರೆದು ತಂದವರು ವಿದ್ಯಾರ್ಥಿಗಳೇ. ನಾವು ಹೇಳಿಕೊಟ್ಟಿರಲಿಲ್ಲ.

ಪರೀಕ್ಷೆಯಾಯಿತು. ಆಗ ಗ್ರೇಡಿನ ಗಲಾಟೆ. ನಮ್ಮಲ್ಲಿ ಅಂಕಕ್ಕೆ ಗ್ರೇಡು ಮೊದಲೇ ನಿಗದಿ, ಇಷ್ಟು ಬಂದರೆ ಇಂಥದ್ದು. ಅವರಲ್ಲಿ ಸಾಪೇಕ್ಷ ಪದ್ಧತಿ, ತರಗತಿಯ ಒಟ್ಟು ಅಂಕಗಳ ಹರಡಿಕೆ ನೋಡಿ ಗ್ರೇಡು ಕೊಡುತ್ತಾರೆ. ಎರಡು ವಿಶ್ವವಿದ್ಯಾಲಯದ ಮಕ್ಕಳು ಒಂದೇ ತರಗತಿಯಲ್ಲಿ ಕೂತಾಗ ಯಾರನ್ನು ಯಾರಿಗೆ ಹೋಲಿಸಬೇಕು? ತಮ್ಮ ಮಕ್ಕಳನ್ನು ಮಾತ್ರ ಹೋಲಿಸಿದರೆ ಸಂಖ್ಯೆ ತೀರಾ ಕಡಿಮೆ. ನಮ್ಮವರನ್ನೂ ಸೇರಿಸಿದರೆ ನಮ್ಮ ನಿಯಮಕ್ಕೆ ಒಳಪಟ್ಟವರು ಅವರ ಗ್ರೇಡನ್ನು ಏರಿಳಿಸಿದಂತೆ. ಯುರೋಪಿನ ವಿಶ್ವವಿದ್ಯಾಲಯಗಳು, ಉನ್ನತ ಶಿಕ್ಷಣವನ್ನು ಪರಸ್ಪರ ಹೊಂದಿಸಿಕೊಳ್ಳಲು ಅಲ್ಲಿಯ ದೇಶಗಳು ಒಪ್ಪಿದ 1999ರ ಬೊಲೋನ್ಯಾ ಘೋಷಣೆಯ ನಂತರ, ಒಂದು ಸಾಮಾನ್ಯ ಅಳತೆಯ ಕಡೆ ಸಾಗಿದವು. ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್ ಎಂಬ ಲೆಕ್ಕ ಅಲ್ಲಿ ನೆಲೆಯೂರಿದೆ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್‌ನಂಥ ಜಂಟಿ ಸ್ನಾತಕೋತ್ತರ ಪದವಿಗಳು ನಿಂತಿರುವುದು ಅದರ ಮೇಲೆ. ಅಳತೆ ಮೊದಲು, ಪದವಿ ಆಮೇಲೆ. ನಾವು ಪದವಿಯ ಹೆಸರಿನಿಂದ ಶುರುಮಾಡಲು ಹೊರಟಿದ್ದೆವು.

ಕೊನೆಗೆ ಆದ ತೀರ್ಮಾನ: ಒಬ್ಬರಿಗೊಬ್ಬರು ಬರೀ ಅಂಕ ಕಳುಹಿಸುವುದು, ಗ್ರೇಡನ್ನು ಅವರವರ ನಿಯಮದಂತೆ ಅವರವರು ಹಾಕಿಕೊಳ್ಳುವುದು. ಇದರಿಂದ ಒಂದೇ ತಂಡದಲ್ಲಿ ದುಡಿದು ಒಂದೇ ಅಂಕ ಪಡೆದ ಇಬ್ಬರಿಗೆ ಎರಡು ಗ್ರೇಡು ಬಂತು. ವಿದ್ಯಾರ್ಥಿಗಳು ಬಂದು ಕೇಳಿದರು. ಸಮಾಧಾನವಾಗುವಂಥ ಉತ್ತರ ನಮ್ಮಲ್ಲಿರಲಿಲ್ಲ, ಇಂದಿಗೂ ಇಲ್ಲ. ಆದರೆ ಉಳಿದ ಎಲ್ಲ ದಾರಿಗಳೂ ಇದಕ್ಕಿಂತ ಕೆಟ್ಟವು ಎಂದು ನನಗೆ ಖಾತ್ರಿಯಾಗಿತ್ತು.

ನಮ್ಮ ಪರೀಕ್ಷಾ ವಿಭಾಗದಲ್ಲಿ ನಿಜವಾದ ಗೋಡೆ ಎದುರಾಯಿತು. ಅಂಕಪಟ್ಟಿ ತಯಾರಿಸುವ ತಂತ್ರಾಂಶಕ್ಕೆ ನಮ್ಮದೇ ಪತ್ರಿಕೆಗಳ ಸಂಕೇತ ಸಂಖ್ಯೆ ಮಾತ್ರ ಗೊತ್ತು. ಹೊರಗೆ ಕಲಿತದ್ದನ್ನು ಬರೆಯುವ ಸಾಲೇ ಅದರಲ್ಲಿಲ್ಲ. ಇಬ್ಬರು ಕುಲಪತಿಗಳ ಸಹಿ ಇರುವ ದಾಖಲೆಯನ್ನು ಮೇಜಿನ ಮೇಲೆ ಇಟ್ಟರೆ, “ಸಹಿ ಇದೆ ಸರಿ, ಇದನ್ನು ಯಾವ ಕಾಲಮ್ಮಿಗೆ ಹಾಕಲಿ ಮೇಡಂ?” ಎಂದು ಅಲ್ಲಿಯ ಸಿಬ್ಬಂದಿ ಕೇಳಿದರು. ಮೌಲ್ಯಮಾಪನ ಕುಲಸಚಿವರು ಮುಂದಿನ ವರ್ಷ ತಂತ್ರಾಂಶ ಬದಲಾಗುತ್ತದೆ, ಅಲ್ಲಿಯವರೆಗೆ ಪ್ರತ್ಯೇಕ ಪ್ರಮಾಣಪತ್ರ ಕೊಡೋಣ ಎಂದರು. ಪ್ರತ್ಯೇಕ ಪ್ರಮಾಣಪತ್ರ ಎಂದರೆ ಆ ನಾಲ್ಕು ಕ್ರೆಡಿಟ್ ಒಟ್ಟು ಮೊತ್ತಕ್ಕೆ ಸೇರುವುದಿಲ್ಲ. ಸೇರದಿದ್ದರೆ ಮಕ್ಕಳಿಗೆ ಆ ಸೆಮಿಸ್ಟರ್‌ನಲ್ಲಿ ನಾಲ್ಕು ಕ್ರೆಡಿಟ್ ಕೊರತೆ.

ದಾರಿ ತೋರಿಸಿದವರು ಆ ವಿಭಾಗದ ಒಬ್ಬ ಪ್ರಥಮ ದರ್ಜೆ ಸಹಾಯಕಿ. ಬೇರೆ ವಿಶ್ವವಿದ್ಯಾಲಯದಿಂದ ನಡುವೆ ವರ್ಗವಾಗಿ ಬಂದವರ ಹಿಂದಿನ ಅಂಕಗಳನ್ನು ತತ್ಸಮಾನ ಎಂದು ಸೇರಿಸಿಕೊಳ್ಳುವ ಒಂದು ಅವಕಾಶ ತಂತ್ರಾಂಶದಲ್ಲಿತ್ತು. ಅಪರೂಪಕ್ಕೆ ಬಳಸುವಂಥದ್ದು. ಅದು ಇಡೀ ಸೆಮಿಸ್ಟರ್‌ಗೆ ಮಾತ್ರವೋ ಒಂದು ಪತ್ರಿಕೆಗೂ ಆಗುತ್ತದೆಯೋ ಎಂದು ಅವರು ಹಳೆಯ ವಿದ್ಯಾರ್ಥಿಯೊಬ್ಬರ ದಾಖಲೆಯ ನಕಲು ಇಟ್ಟುಕೊಂಡು ಪ್ರಯೋಗ ಮಾಡಿ ನೋಡಿದರು. ಆಗುತ್ತದೆ ಎಂದು ಗೊತ್ತಾಯಿತು. ಆಮೇಲೆ ಒಂದು ಆದೇಶ ಬೇಕಾಯಿತು. ಅದರ ಕರಡನ್ನೂ ಅವರೇ ಬರೆದುಕೊಟ್ಟರು, ನಮ್ಮ ಒಡಂಬಡಿಕೆಗಿಂತ ಚಿಕ್ಕದು, ಅದಕ್ಕಿಂತ ಸ್ಪಷ್ಟ. ಈ ಇಡೀ ಸಹಯೋಗಕ್ಕೆ ಒಂದು ಫೋಟೊ ತೆಗೆಯಬೇಕಿದ್ದರೆ ಅವರ ಮೇಜಿನ ಮುಂದೆ ತೆಗೆಯಬೇಕಿತ್ತು ಎಂದು ನಾನು ವಿಭಾಗದ ಸಭೆಯಲ್ಲಿ ಹೇಳಿದೆ. ನಗೆಚಾಟಿಕೆ ಎಂದು ತಿಳಿದು ನಕ್ಕರು.

ನವಲಗುಂದದ ಹುಡುಗಿಯ ಕ್ರೆಡಿಟ್ ಎಲ್ಲರಿಗಿಂತ ತಡವಾಗಿ ಖಾತೆಗೆ ಬಂತು. ಅಲ್ಲಿ ಕೂತ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷ ಆಯಸ್ಸು, ಆದ್ದರಿಂದ ತಡವಾದರೂ ನಷ್ಟವಿಲ್ಲ ಎಂದು ಅವಳಿಗೆ ಹೇಳಿದೆ. “ಬಂತಲ್ಲ ಮೇಡಂ, ಸಾಕು” ಎಂದಳು.

ಈಗ ಎರಡನೆಯ ತಂಡಕ್ಕೆ ಅರ್ಜಿ ಕರೆದಿದ್ದೇವೆ. ಅನುಬಂಧ ಬೆಳೆದು ಒಡಂಬಡಿಕೆಗಿಂತ ದಪ್ಪವಾಗಿದೆ, ಬಸ್ಸಿನ ಖರ್ಚಿನ ಸಾಲೂ ಅದರಲ್ಲಿ ಸೇರಿದೆ. ಜಂಟಿ ಪದವಿಯ ಮಾತು ಪ್ರತಿ ಸಭೆಯಲ್ಲೂ ಒಮ್ಮೆ ಏಳುತ್ತದೆ, ಮೊದಲು ಇನ್ನೂ ಮೂರು ನಾಲ್ಕು ಪತ್ರಿಕೆಗಳನ್ನು ಹೀಗೆ ನಡೆಸಿ ನೋಡೋಣ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಬಾಕಿ ಇರುವುದು ಒಂದು ಕಡತ. ಶನಿವಾರ ಅವರ ಮಕ್ಕಳಿಗೆ ನಾನು, ನನ್ನ ಮಕ್ಕಳಿಗೆ ಆ ಪ್ರಾಧ್ಯಾಪಕರು ಕಲಿಸಿದ ಗಂಟೆಗಳು ಯಾರ ಕಾರ್ಯಭಾರಕ್ಕೆ ಸೇರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವರ ಮಕ್ಕಳು ನಮ್ಮ ವಿದ್ಯಾರ್ಥಿಗಳಲ್ಲವಾದ್ದರಿಂದ ಆ ಗಂಟೆಗಳನ್ನು ಪರಿಗಣಿಸಲು ಬರುವುದಿಲ್ಲ ಎಂದು ಟಿಪ್ಪಣಿ ಬಂದಿದೆ. ಅವರಿಗೂ ಅವರ ಕಚೇರಿಯಿಂದ ಹೆಚ್ಚುಕಡಿಮೆ ಇದೇ ಮಾತು ಬಂದಿದೆಯಂತೆ. ಈ ಸಲ ಇಬ್ಬರೂ ಒಂದೇ ಉತ್ತರವನ್ನು ಒಟ್ಟಿಗೆ ಬರೆದು, ಎರಡೂ ಕಡೆಗೆ ಕಳುಹಿಸಿದ್ದೇವೆ.